ನಾನು ಆಮದೇ ಮಾಡುವುದಿಲ್ಲ, ನನ್ನ ಶೀಟ್ ಬೆಲೆ ಏಕೆ ಏರಬೇಕು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಘಟಕ. ಎಲೆಕ್ಟ್ರಿಕಲ್ ಪ್ಯಾನೆಲ್ ಬಾಕ್ಸ್ ಮಾಡುತ್ತೇವೆ. ತಿಂಗಳಿಗೆ ಸುಮಾರು 20 ಟನ್ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟ್ ಬೇಕು, ಎಲ್ಲವನ್ನೂ ಇಲ್ಲಿನ ಡೀಲರ್ ಹತ್ತಿರವೇ ಕೊಳ್ಳುತ್ತೇವೆ. ‘ಸೇಫ್‌ಗಾರ್ಡ್ ಡ್ಯೂಟಿ ಬಂದಿದೆ’ ಎಂದು ಅವರು ಕಿಲೋಗೆ ಆರು ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ. ನಾವು ವಿದೇಶದಿಂದ ಏನನ್ನೂ ತರಿಸುವುದಿಲ್ಲ. ಈ ಸುಂಕ ನಮಗೆ ಹೇಗೆ ತಗಲುತ್ತದೆ? ಎಷ್ಟು ದಿನ ಇರುತ್ತದೆ? ನಮ್ಮಂಥವರು ಎಲ್ಲಾದರೂ ಅಹವಾಲು ಹೇಳಿಕೊಳ್ಳಬಹುದೆ?

ಉತ್ತರ: ಆರು ರೂಪಾಯಿ ಎಂಬ ಅಂಕಿ ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದರ ಲೆಕ್ಕ ಮುಂದೆ ಕೊಟ್ಟಿದ್ದೇನೆ. ಆದರೆ ಅದು ನೀವು ಕೊಡಲೇಬೇಕಾದ ಹಣವೂ ಅಲ್ಲ. ನಿಮ್ಮ ಬಿಲ್ಲಿನಲ್ಲಿ ಸುರಕ್ಷತಾ ಸುಂಕ (ಸೇಫ್‌ಗಾರ್ಡ್ ಡ್ಯೂಟಿ) ಎಂಬ ಸಾಲು ಇರುವುದಿಲ್ಲ, ಇರುವಂತೆಯೂ ಇಲ್ಲ. ಅದನ್ನು ಕಟ್ಟುವವನು ಬಂದರಿನಲ್ಲಿ ಸರಕು ಬಿಡಿಸಿಕೊಳ್ಳುವ ಆಮದುದಾರ ಮಾತ್ರ. ನಿಮಗೆ ತಟ್ಟುವುದು ಸುಂಕವಲ್ಲ, ಅದರ ನೆರಳಿನಲ್ಲಿ ಏರುವ ಬೆಲೆ. ಈ ವ್ಯತ್ಯಾಸ ತಿಳಿದರೆ ಡೀಲರ್ ಜೊತೆ ಚೌಕಾಸಿಗೆ ಕೂರುವಾಗ ಕೈಯಲ್ಲೊಂದು ಹಿಡಿತ ಇರುತ್ತದೆ.

ಮೊದಲು ಈ ಸುಂಕದ ಜಾತಕ ನೋಡೋಣ. ಹೊರದೇಶದವರು ಅನ್ಯಾಯವಾಗಿ ಅಗ್ಗಕ್ಕೆ ಮಾರುತ್ತಿದ್ದಾರೆ ಎಂದು ಸಾಬೀತಾದರೆ ಹಾಕುವುದು ಆಂಟಿ-ಡಂಪಿಂಗ್ ಸುಂಕ. ಅಲ್ಲಿನ ಸರ್ಕಾರ ಸಬ್ಸಿಡಿ ಕೊಟ್ಟು ಕಳಿಸುತ್ತಿದ್ದರೆ ಅದಕ್ಕೆ ಪ್ರತಿಸುಂಕ. ಸುರಕ್ಷತಾ ಸುಂಕ ಇವೆರಡರ ಜಾತಿಯದಲ್ಲ. ಇಲ್ಲಿ ಯಾರ ಮೇಲೂ ಆರೋಪವಿಲ್ಲ. ಆಮದು ಏಕಾಏಕಿ ಉಕ್ಕಿ ಬಂದಿದೆ, ಅದರಿಂದ ದೇಶದ ಉದ್ಯಮಕ್ಕೆ ಗಂಭೀರ ಹಾನಿ ಆಗಿದೆ ಅಥವಾ ಆಗುವ ಅಪಾಯ ಇದೆ ಎಂದಷ್ಟೇ ತೋರಿಸಬೇಕು. ಉದ್ಯಮ ಸುಧಾರಿಸಿಕೊಳ್ಳಲಿ ಎಂದು ಕೊಡುವ ಗಡುವಿನ ರಕ್ಷಣೆ ಅದು. ಯಾರ ತಪ್ಪೂ ಇಲ್ಲದೆ ಹಾಕುವ ಸುಂಕವಾದ್ದರಿಂದ ಷರತ್ತುಗಳು ಬಿಗಿ. ಹಾನಿಯ ಮಟ್ಟ ಆಂಟಿ-ಡಂಪಿಂಗ್ ಪ್ರಕರಣಕ್ಕಿಂತ ಹೆಚ್ಚಿರಬೇಕು, ಸುಂಕ ಒಂದು ದೇಶವನ್ನು ಗುರಿಯಿಟ್ಟು ಹಾಕುವಂತಿಲ್ಲ, ಒಂದು ವರ್ಷ ದಾಟಿದರೆ ಹಂತಹಂತವಾಗಿ ಇಳಿಯಬೇಕು. ಕಾನೂನಿನ ನೆಲೆ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ 8ಬಿ ವಿಧಿ ಮತ್ತು 1997ರ ನಿಯಮಗಳು. ತನಿಖೆ ಮಾಡುವುದು ವಾಣಿಜ್ಯ ಸಚಿವಾಲಯದ ಡಿಜಿಟಿಆರ್, ಅಂದರೆ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ. ಅದು ಶಿಫಾರಸು ಮಾಡುತ್ತದೆ, ಸುಂಕ ಹಾಕುವುದೋ ಬಿಡುವುದೋ ಹಣಕಾಸು ಸಚಿವಾಲಯಕ್ಕೆ ಸೇರಿದ್ದು.

ನಿಮ್ಮ ಶೀಟಿಗೆ ಸಂಬಂಧಿಸಿದ ಪ್ರಕರಣ 2024ರ ಡಿಸೆಂಬರ್ 19ರಂದು ಆರಂಭವಾಯಿತು. ಅರ್ಜಿ ಹಾಕಿದ್ದು ಇಂಡಿಯನ್ ಸ್ಟೀಲ್ ಅಸೋಸಿಯೇಷನ್, ತನ್ನ ಸದಸ್ಯರಾದ ದೊಡ್ಡ ಉಕ್ಕು ಕಂಪನಿಗಳ ಪರವಾಗಿ. ಅವುಗಳಲ್ಲಿ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ಕೂಡ ಒಂದು. ಹಾಗಾಗಿ ಈ ಸುಂಕದಿಂದ ಬಲ ಪಡೆಯುವವರೂ ಕರ್ನಾಟಕದಲ್ಲಿದ್ದಾರೆ, ಭಾರ ಹೊರುವವರೂ ಇದ್ದಾರೆ. ಡಿಜಿಟಿಆರ್ ಲೆಕ್ಕದಲ್ಲಿ ಚಪ್ಪಟೆ ಉಕ್ಕಿನ, ಅಂದರೆ ಕಾಯಿಲ್, ಶೀಟ್, ಪ್ಲೇಟಿನ ಆಮದು 2021-22ರಲ್ಲಿ 22.93 ಲಕ್ಷ ಟನ್ ಇದ್ದದ್ದು 2024ರ ಸೆಪ್ಟೆಂಬರಿಗೆ ಕೊನೆಯಾದ ಒಂದು ವರ್ಷದಲ್ಲಿ 66.12 ಲಕ್ಷ ಟನ್ ಮುಟ್ಟಿತ್ತು. ಚೀನಾದಲ್ಲಿ ಮನೆ ಕಟ್ಟುವ ಭರಾಟೆ ಇಳಿದು ಅಲ್ಲಿನ ಉಕ್ಕು ಹೊರಗೆ ಹರಿಯಿತು. 2024ರಲ್ಲಿ ಆ ದೇಶದ ರಫ್ತು 11 ಕೋಟಿ ಟನ್ ದಾಟಿತು. ಅಮೆರಿಕ, ಯುರೋಪ್ ಬಾಗಿಲು ಹಾಕಿಕೊಂಡ ಮೇಲೆ ತೆರೆದಿದ್ದ ದೊಡ್ಡ ಮಾರುಕಟ್ಟೆ ನಮ್ಮದು.

2025ರ ಏಪ್ರಿಲ್ 21ರಂದು 200 ದಿನಗಳ ತಾತ್ಕಾಲಿಕ ಸುಂಕ ಶೇ 12ರಂತೆ ಬಂತು. ತಾತ್ಕಾಲಿಕ ಸುಂಕಕ್ಕೆ ಕಾನೂನು ಕೊಡುವ ಗರಿಷ್ಠ ಅವಧಿಯೇ 200 ದಿನ. ಆಗಸ್ಟಿನಲ್ಲಿ ಡಿಜಿಟಿಆರ್ ಅಂತಿಮ ಶಿಫಾರಸು ಕೊಟ್ಟಿತು, ಡಿಸೆಂಬರ್ 30ರಂದು ಹಣಕಾಸು ಸಚಿವಾಲಯ ಮೂರು ವರ್ಷದ ಸುಂಕ ಪ್ರಕಟಿಸಿತು. ವರ್ಷದ ಎಣಿಕೆ ತಾತ್ಕಾಲಿಕ ಸುಂಕ ಬಂದ ದಿನದಿಂದಲೇ. ಮೊದಲ ವರ್ಷ ಶೇ 12, 2026ರ ಏಪ್ರಿಲ್ 21ರಿಂದ ಶೇ 11.5, 2027ರ ಏಪ್ರಿಲ್ 21ರಿಂದ ಶೇ 11. ಮುಗಿಯುವುದು 2028ರ ಏಪ್ರಿಲ್ 20ಕ್ಕೆ.

ಈಗ ಆರು ರೂಪಾಯಿಯ ಲೆಕ್ಕ. ಸಿ.ಆರ್. ಕಾಯಿಲ್ (ಶೀಟಿನ ಸುರುಳಿ) ಒಂದು ಟನ್ನಿಗೆ ಸಾಗಣೆ, ವಿಮೆ ಸೇರಿ ಬಂದರಿನಲ್ಲಿ 620 ಡಾಲರ್, ಡಾಲರಿಗೆ 85 ರೂಪಾಯಿ ಎಂದುಕೊಳ್ಳಿ. ಎರಡೂ ಉದಾಹರಣೆಗೆ ಹಿಡಿದ ಅಂಕಿ, ನೀವು ಆಯಾ ದಿನದ ದರ ಹಾಕಿಕೊಳ್ಳಿ. ಮೌಲ್ಯ 52,700 ರೂಪಾಯಿ ಆಯಿತು. ಮೂಲ ಆಮದು ಸುಂಕ ಶೇ 7.5ರಂತೆ 3,952.50. ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ 395.25. ಸುರಕ್ಷತಾ ಸುಂಕ ಸರಕಿನ ಮೌಲ್ಯದ ಮೇಲೆ, ಮೊದಲ ವರ್ಷದ ದರ ಹಿಡಿದರೆ, ಶೇ 12, ಅಂದರೆ 6,324. ಸರ್ಚಾರ್ಜ್ ಲೆಕ್ಕಕ್ಕೆ ಸುರಕ್ಷತಾ ಸುಂಕ ಸೇರುವುದಿಲ್ಲ, ಹಲವರು ಇಲ್ಲಿ ಎಡವುತ್ತಾರೆ. ಒಟ್ಟು 63,371.75. ಇದರ ಮೇಲೆ ಶೇ 18 ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಐಜಿಎಸ್‌ಟಿಯ ಬುನಾದಿಗೆ ಮಾತ್ರ ಸುರಕ್ಷತಾ ಸುಂಕವೂ ಸೇರುತ್ತದೆ. ಆದರೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ವಾಪಸ್ ಬಾರದೆ ಸರಕಿನ ಬೆಲೆಗೇ ಅಂಟಿಕೊಳ್ಳುವುದು ಆ 6,324 ರೂಪಾಯಿ. ಕಿಲೋಗೆ 6 ರೂಪಾಯಿ 32 ಪೈಸೆ. ನಿಮ್ಮ ಡೀಲರ್ ಹೇಳಿದ ಅಂಕಿ ಇಲ್ಲಿಂದ ಬಂದದ್ದು.

ಜಪಾನ್, ಕೊರಿಯಾದ ಸರಕಾದರೆ ಮುಕ್ತ ವ್ಯಾಪಾರ ಒಪ್ಪಂದದಡಿ ಮೂಲ ಸುಂಕ ಸೊನ್ನೆ. ಸರಕು ಆ ದೇಶದ್ದೇ ಎಂಬ ಪ್ರಮಾಣಪತ್ರ ಇದ್ದರೆ ಸಾಕು ಎಂದು ನಂಬಿದವರಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಒಪ್ಪಂದದ ರಿಯಾಯಿತಿ ಮೂಲ ಸುಂಕಕ್ಕೆ ಮಾತ್ರ, ಸುರಕ್ಷತಾ ಸುಂಕ ಇವರಿಗೂ ಉಂಟು. ಅದೇ 620 ಡಾಲರಿನ ಸರಕು ಈ ದಾರಿಯಲ್ಲಿ 59,024 ರೂಪಾಯಿಗೆ ಬಂದಿಳಿಯುತ್ತದೆ, ಮೂಲ ಸುಂಕವನ್ನೂ ಕಟ್ಟುವ ಚೀನಾ ಸರಕಿಗಿಂತ ಟನ್ನಿಗೆ ಸುಮಾರು 4,300 ರೂಪಾಯಿ ಅಗ್ಗ. ಈ ಅಂತರ ಸುಂಕದಿಂದ ಅಳಿಸಿಹೋಗಿಲ್ಲ ಎಂಬುದನ್ನು ನೆನಪಿಡಿ.

ಇನ್ನು ಡೀಲರ್ ಮಾತು ಎಷ್ಟು ಸರಿ? ದೇಶದೊಳಗೆ ತಯಾರಾದ ಶೀಟಿಗೆ ಈ ಸುಂಕ ಇಲ್ಲ. ಸುಂಕ ಮಾಡುವ ಕೆಲಸವೆಂದರೆ ಆಮದಿನ ಬೆಲೆ ಎಂಬ ಚಾವಣಿಯನ್ನು ಎತ್ತರಿಸುವುದು. ಮೊದಲು ಕಾರ್ಖಾನೆಯವರು ಬೆಲೆ ಏರಿಸಿದರೆ ಗಿರಾಕಿ ಆಮದಿನತ್ತ ತಿರುಗುತ್ತಿದ್ದ, ಈಗ ಆ ಹೆದರಿಕೆ ಕಿಲೋಗೆ ಆರು ರೂಪಾಯಿಯಷ್ಟು ದೂರ ಸರಿದಿದೆ. ಆ ಜಾಗವನ್ನು ಅವರು ಪೂರ್ತಿ ತುಂಬುತ್ತಾರೋ ಅರ್ಧ ತುಂಬುತ್ತಾರೋ ಎಂಬುದು ಬೇಡಿಕೆ ಮತ್ತು ದಾಸ್ತಾನಿನ ಮೇಲೆ ನಿಂತ ಮಾತು. ತಾತ್ಕಾಲಿಕ ಸುಂಕ ಬಂದಾಗ 2025ರ ಏಪ್ರಿಲ್, ಮೇ ಹೊತ್ತಿಗೆ ಬೆಲೆ ಏರಿದ್ದು ನಿಜ. ಅದೇ ವರ್ಷ ಮಳೆಗಾಲ ಕಳೆಯುವಷ್ಟರಲ್ಲಿ, ಸುಂಕ ಜಾರಿಯಲ್ಲಿದ್ದಾಗಲೇ, ಸಿ.ಆರ್. ಶೀಟಿಗೆ ಕಚ್ಚಾ ಮಾಲಾದ ದೇಶೀ ಹಾಟ್ ರೋಲ್ಡ್ ಕಾಯಿಲ್ ಬೆಲೆ ಕುಸಿದದ್ದೂ ನಿಜ. ಸುಂಕ ಬಂದರೆ ಬೆಲೆ ಅಷ್ಟೇ ಏರಬೇಕು ಎಂಬ ನಿಯಮವೇನಿಲ್ಲ.

ಆದ್ದರಿಂದ ಡೀಲರ್ ಹತ್ತಿರ ಸುಂಕದ ಬಗ್ಗೆ ವಾದ ಬೇಡ. ಮೂರು ವಿಷಯ ಕೇಳಿ. ಈ ಕಾಯಿಲ್ ಯಾವ ಕಾರ್ಖಾನೆಯದು? ಕಾರ್ಖಾನೆಯ ಈ ತಿಂಗಳ ದರ ಕಳೆದ ತಿಂಗಳಿಗಿಂತ ಎಷ್ಟು ಏರಿದೆ? ಸರಕು ಯಾವ ತಾರೀಕಿನ ದಾಸ್ತಾನು? ಕಾಯಿಲಿನ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿ ತಯಾರಕರ ಹೆಸರು, ಹೀಟ್ ನಂಬರ್ (ಉಕ್ಕು ಕರಗಿಸಿದ ತಂಡದ ಸಂಖ್ಯೆ) ಇರುತ್ತದೆ, ಕೇಳಿದರೆ ಕೊಡಬೇಕು. ಹಳೆಯ ದಾಸ್ತಾನನ್ನು ಹೊಸ ಸುಂಕದ ಹೆಸರಿನಲ್ಲಿ ಮಾರುವುದು ಪ್ರತಿ ಬಾರಿಯೂ ನಡೆಯುವ ಆಟ. ತಿಂಗಳಿಗೆ 20 ಟನ್ ಎಂದರೆ ಕಡಿಮೆಯೇನಲ್ಲ. ನಿಮ್ಮಂಥ ನಾಲ್ಕೈದು ಘಟಕಗಳು ಒಂದೇ ದಪ್ಪ, ಒಂದೇ ಅಗಲಕ್ಕೆ ಒಪ್ಪಿಕೊಂಡರೆ ಕಾಯಿಲ್ ಕತ್ತರಿಸಿ ಕೊಡುವ ಸರ್ವಿಸ್ ಸೆಂಟರಿನಿಂದ ನೇರವಾಗಿ ಕೊಳ್ಳಬಹುದು. ಗೇಜ್ ಒಂದಾಗದೆ ಇದು ಮುರಿದು ಬೀಳುವುದೇ ಹೆಚ್ಚು, ಆದ್ದರಿಂದ ಮೊದಲು 1.2 ಮತ್ತು 1.6 ಮಿಲಿಮೀಟರಿನಂಥ ಹೆಚ್ಚು ಓಡುವ ದಪ್ಪದಿಂದ ಆರಂಭಿಸಿ.

ಅಧಿಸೂಚನೆಯನ್ನು ಓದುವಾಗ ಸುಂಕದ ದರಕ್ಕಿಂತ ಮುಖ್ಯವಾದದ್ದು ಹೊರಗಿಟ್ಟ ಸರಕಿನ ಪಟ್ಟಿ. ಸ್ಟೇನ್‌ಲೆಸ್ ಸ್ಟೀಲ್, ಟಿನ್‌ಪ್ಲೇಟ್, ಎಲೆಕ್ಟ್ರೋ ಗ್ಯಾಲ್ವನೈಸ್ಡ್, ಟ್ರಾನ್ಸ್‌ಫಾರ್ಮರಿಗೆ ಬಳಸುವ ಸಿಆರ್‌ಜಿಒ, ಮೋಟಾರಿಗೆ ಬಳಸುವ ಸಿಆರ್‌ಎನ್‌ಒ ಇವು ಸುಂಕದ ಹೊರಗೆ. ‘ಸ್ಟೀಲಿಗೆ ಡ್ಯೂಟಿ ಬಂತು’ ಎಂದು ಸ್ಟೇನ್‌ಲೆಸ್ ಶೀಟಿಗೂ ಯಾರಾದರೂ ದರ ಏರಿಸಿದರೆ ಅದು ಬರೀ ನೆಪ. ಸುಂಕದೊಳಗೆ ಬರುವುದು ನಾನ್-ಅಲಾಯ್ ಮತ್ತು ಅಲಾಯ್ ಉಕ್ಕಿನ ಹಾಟ್ ರೋಲ್ಡ್, ಕೋಲ್ಡ್ ರೋಲ್ಡ್, ಸತು ಲೇಪಿತ ಮತ್ತು ಬಣ್ಣ ಲೇಪಿತ ಕಾಯಿಲ್, ಶೀಟ್, ಪ್ಲೇಟ್. ಸರಳು, ಆಂಗಲ್, ಚಾನೆಲ್ ಈ ಪಟ್ಟಿಯಲ್ಲಿಲ್ಲ.

ಇನ್ನೊಂದು ಬಾಗಿಲು ಬೆಲೆಯ ಗಡಿ. 2025ರ ಏಪ್ರಿಲ್ ಅಧಿಸೂಚನೆಯಲ್ಲಿ ಪ್ರತಿ ವರ್ಗಕ್ಕೂ ಟನ್ನಿನ ಡಾಲರ್ ದರ ಕೊಟ್ಟಿತ್ತು: ಹಾಟ್ ರೋಲ್ಡ್ ಕಾಯಿಲಿಗೆ 675, ಪ್ಲೇಟ್ ಮಿಲ್ ಪ್ಲೇಟಿಗೆ 695, ಕೋಲ್ಡ್ ರೋಲ್ಡಿಗೆ 824, ಲೋಹ ಲೇಪಿತಕ್ಕೆ 861, ಬಣ್ಣ ಲೇಪಿತಕ್ಕೆ 964. ಬಂದರಿನ ಬೆಲೆ ಈ ಗಡಿಯಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸುಂಕ ಇಲ್ಲ. ಕಾರು ಕಂಪನಿಗಳು ತರಿಸುವ ವಿಶೇಷ ದರ್ಜೆಯ ಉಕ್ಕಿಗೆ ತೊಂದರೆ ಆಗದಿರಲಿ ಎಂಬುದು ಉದ್ದೇಶ. ಉದ್ದೇಶ ಸರಿ, ಆದರೆ ಗಡಿಯ ಬಳಿ ಲೆಕ್ಕ ವಿಚಿತ್ರವಾಗುತ್ತದೆ. ಹಾಟ್ ರೋಲ್ಡ್ 670 ಡಾಲರಿಗೆ ತಂದವನು 80 ಡಾಲರ್ ಸುಂಕ ಕಟ್ಟಬೇಕು, 675ಕ್ಕೆ ತಂದವನು ಏನೂ ಕಟ್ಟಬೇಕಿಲ್ಲ. 603 ಡಾಲರಿನಿಂದ 675ರ ತನಕ ಬೆಲೆಯಿರುವ ಯಾವುದೇ ಸರಕಿಗೆ, ಬಿಲ್ಲನ್ನು 675ಕ್ಕೆ ಏರಿಸಿ ತೋರಿಸುವುದೇ ಲಾಭ ಎಂಬ ಆಸೆ ಹುಟ್ಟುತ್ತದೆ. ಯಾರಾದರೂ ಈ ದಾರಿ ಹೇಳಿಕೊಟ್ಟರೆ ದೂರ ನಿಲ್ಲಿ. ಹೆಚ್ಚು ತೋರಿಸಿದ ಡಾಲರನ್ನು ಬ್ಯಾಂಕಿನ ಮೂಲಕ ಕಳಿಸಲೇಬೇಕು, ಅದು ಸುತ್ತಿ ವಾಪಸ್ ಬರುವ ದಾರಿ ಹವಾಲಾ. ಕಸ್ಟಮ್ಸ್ ಕಾಯ್ದೆಯ 28ನೇ ವಿಧಿಯಡಿ ವಂಚನೆ ಸಾಬೀತಾದರೆ ಐದು ವರ್ಷ ಹಿಂದಿನ ಸುಂಕವನ್ನೂ ವಸೂಲು ಮಾಡಬಹುದು, ಸುಳ್ಳು ದಾಖಲೆಗೆ 114ಎಎ ವಿಧಿಯಡಿ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡವಿದೆ.

ದೇಶದ ವಿಷಯದಲ್ಲೂ ಹೀಗೆಯೇ. ಆಮದಿನಲ್ಲಿ ಶೇ 3ಕ್ಕಿಂತ ಕಡಿಮೆ ಪಾಲಿರುವ ಅಭಿವೃದ್ಧಿಶೀಲ ದೇಶಗಳಿಗೆ, ಎಲ್ಲ ಸೇರಿ ಶೇ 9 ಮೀರದಿದ್ದರೆ, ವಿನಾಯಿತಿ ಇದೆ. ಅಂತಿಮ ಅಧಿಸೂಚನೆಯಲ್ಲಿ ಚೀನಾ, ವಿಯೆಟ್ನಾಂ, ನೇಪಾಳ ಬಿಟ್ಟು ಉಳಿದ ಅಭಿವೃದ್ಧಿಶೀಲ ದೇಶಗಳು ಹೊರಗೆ. ಆದರೆ ಲೆಕ್ಕಕ್ಕೆ ಬರುವುದು ಸರಕು ತಯಾರಾದ ದೇಶ, ಹಡಗು ಹತ್ತಿದ ಬಂದರಲ್ಲ. ಚೀನಾದ ಕಾಯಿಲ್ ಮೂರನೆಯ ದೇಶದಲ್ಲಿ ಲೇಬಲ್ ಬದಲಿಸಿಕೊಂಡು ಬಂದರೆ ಹಿಡಿಸಿಕೊಳ್ಳುವುದು ಆಮದುದಾರನೇ ಹೊರತು ಮಾರಿದವನಲ್ಲ.

‘ಎಷ್ಟು ದಿನ’ ಎಂಬ ಪ್ರಶ್ನೆಗೆ ಕಾಗದದ ಉತ್ತರ ಮೇಲೆ ಕೊಟ್ಟೆ. ಮೂರೇ ವರ್ಷ ಏಕೆ ಎಂಬುದರಲ್ಲಿ ಸ್ವಾರಸ್ಯವಿದೆ. ನಮ್ಮ ಕಾನೂನು ಆರಂಭದಲ್ಲಿ ನಾಲ್ಕು ವರ್ಷದ ತನಕ ಹಾಕಲು, ವಿಸ್ತರಿಸಿ ಒಟ್ಟು ಹತ್ತು ವರ್ಷ ಎಳೆಯಲು ಬಿಡುತ್ತದೆ. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ, ಆಮದು ನಿಜವಾಗಿ ಏರಿದ್ದರೆ ಮೊದಲ ಮೂರು ವರ್ಷ ಎದುರು ದೇಶ ಪ್ರತೀಕಾರದ ಸುಂಕ ಹಾಕುವಂತಿಲ್ಲ. ಮೂರು ವರ್ಷ ಮೀರಿದರೆ ನಡುವೆ ಮರುಪರಿಶೀಲನೆಯೂ ಕಡ್ಡಾಯ. ಸರಿಯಾಗಿ ಮೂರು ವರ್ಷಕ್ಕೆ ನಿಲ್ಲಿಸಿದರೆ ಎರಡೂ ತಲೆನೋವು ಇಲ್ಲ. ಇಳಿಕೆಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಶೇ 12ರಿಂದ 11ಕ್ಕೆ ಇಳಿದರೆ ನಮ್ಮ ಉದಾಹರಣೆಯ ಕಾಯಿಲಿನಲ್ಲಿ ಕಿಲೋಗೆ 53 ಪೈಸೆ ಉಳಿಯುತ್ತದೆ, ಡಾಲರ್ ದರ ಒಂದು ವಾರ ಅಲುಗಾಡಿದರೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಆಗುತ್ತದೆ. 2015-16ರಲ್ಲಿ ಹಾಟ್ ರೋಲ್ಡ್ ಕಾಯಿಲಿಗೆ ಹಾಕಿದ ಸುಂಕ ಶೇ 20ರಿಂದ 18, 15, ಕೊನೆಗೆ 10ಕ್ಕೆ ಇಳಿದು 2018ರ ಮಾರ್ಚಿನಲ್ಲಿ ಮುಗಿದಿತ್ತು. ಅದು ಇಳಿಕೆ.

ಆ ಹಳೆಯ ಸುಂಕವನ್ನು ಜಪಾನ್ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿತ್ತು. 2018ರ ನವೆಂಬರಿನಲ್ಲಿ ಬಂದ ವರದಿ ಹಲವು ಅಂಶಗಳಲ್ಲಿ ಭಾರತದ ವಿರುದ್ಧ ಇತ್ತು. ಆದರೆ ಆ ಹೊತ್ತಿಗೆ ಸುಂಕವೇ ಮುಗಿದು ಎಂಟು ತಿಂಗಳಾಗಿತ್ತು. ಹೊರಗಿನ ತೀರ್ಪು ಬಂದು ಬೆಲೆ ಇಳಿದೀತು ಎಂದು ಯಾರೂ ಕಾಯಬೇಡಿ.

ಕಾಯುವ ಬದಲು ನಿಮ್ಮ ಕೊಟೇಶನ್ ತಿದ್ದಿಕೊಳ್ಳಿ. ಒಂದು ಬಾಕ್ಸಿಗೆ 40 ಕಿಲೋ ಶೀಟ್ ಎಂದು ಹಿಡಿದು 253 ರೂಪಾಯಿ ಸೇರಿಸುವುದು ಸಾಮಾನ್ಯ ತಪ್ಪು. ಕತ್ತರಿಸುವಾಗ ಶೇ 15 ತುಂಡು ಹೋಗುವುದಾದರೆ ಕೊಳ್ಳುವುದು ಸುಮಾರು 47 ಕಿಲೋ, ಏರಿಕೆ 297 ರೂಪಾಯಿ. ತುಂಡು ಗುಜರಿಗೆ ಹೋದಾಗ ಬರುವ ಹಣ ಬೇರೆ ಕಳೆಯಿರಿ. ಗುಜರಿ ದರ ಶೀಟಿನ ದರದಷ್ಟು ಬೇಗ ಏರುವುದಿಲ್ಲ. ಸರ್ಕಾರಿ ಟೆಂಡರ್ ಹಿಡಿದವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಒಪ್ಪಂದದಲ್ಲಿ ತೆರಿಗೆ ಬದಲಾದರೆ ವ್ಯತ್ಯಾಸ ಕೊಡುತ್ತೇವೆ ಎಂಬ ಷರತ್ತು ಇದೆಯಲ್ಲ ಎಂದು ನಿಶ್ಚಿಂತರಾಗಿರುತ್ತಾರೆ. ಆ ಷರತ್ತು ಸಾಮಾನ್ಯವಾಗಿ ನೀವು ಮಾರುವ ಸಿದ್ಧ ಸರಕಿನ ಮೇಲಿನ ತೆರಿಗೆಗೆ ಮಾತ್ರ. ಕಚ್ಚಾ ಮಾಲಿನ ಬೆಲೆ ಏರಿಕೆಗೆ ಅದು ಅನ್ವಯಿಸದು, ಅದೂ ದೇಶೀ ಶೀಟ್ ಕೊಂಡವರ ಬಳಿ ಸುಂಕ ಕಟ್ಟಿದ ರಸೀದಿಯೇ ಇರುವುದಿಲ್ಲ. ಬೇಕಿರುವುದು ಬೆಲೆ ಬದಲಾವಣೆಯ ಷರತ್ತು. ವಿದ್ಯುತ್ ಉಪಕರಣದವರು ತಮ್ಮ ತಯಾರಕರ ಸಂಘವಾದ ಐಇಇಎಂಎ ಪ್ರಕಟಿಸುವ ಸೂತ್ರಕ್ಕೆ ಒಪ್ಪಂದವನ್ನು ಕಟ್ಟಿಹಾಕುತ್ತಾರೆ. ಯಾವ ತಿಂಗಳ ದರ ಬುನಾದಿ, ಎಷ್ಟು ಶೇಕಡಾ ಏರಿದ ಮೇಲೆ ವ್ಯತ್ಯಾಸ ಕೊಡಬೇಕು ಎಂಬುದನ್ನು ಬರಹದಲ್ಲಿ ಇಡಿಸಿ.

ರಫ್ತು ಮಾಡುವವರಿಗೆ ಒಂದು ಬಿಡುಗಡೆಯಿದೆ. ಅಡ್ವಾನ್ಸ್ ಆಥರೈಸೇಶನ್ (ರಫ್ತು ಸರಕಿನ ಕಚ್ಚಾ ಮಾಲನ್ನು ಸುಂಕವಿಲ್ಲದೆ ತರಿಸುವ ಪರವಾನಗಿ) ಪಡೆದು ತರಿಸಿದ ಉಕ್ಕಿಗೆ ಸುರಕ್ಷತಾ ಸುಂಕವೂ ಮಾಫಿ, ಸರಕನ್ನು ನಿಜವಾಗಿ ಹೊರದೇಶಕ್ಕೆ ಕಳಿಸಬೇಕು ಅಷ್ಟೆ. ಸುಂಕ ಕಟ್ಟಿಬಿಟ್ಟಿದ್ದರೆ ಬ್ರ್ಯಾಂಡ್ ರೇಟ್ ಡ್ರಾಬ್ಯಾಕ್ (ನಿಜವಾಗಿ ಕಟ್ಟಿದ ಸುಂಕದ ಲೆಕ್ಕದ ಮರುಪಾವತಿ) ಅರ್ಜಿ ಹಾಕಿ ವಾಪಸ್ ಕೇಳಬಹುದು. ಸಾಮಾನ್ಯ ಡ್ರಾಬ್ಯಾಕ್ ದರದಲ್ಲಿ ಇದು ಸೇರಿರುವುದಿಲ್ಲ. ಆಮದಿನ ಕಸ್ಟಮ್ಸ್ ದಾಖಲೆಯಾದ ಬಿಲ್ ಆಫ್ ಎಂಟ್ರಿಯಿಂದ ಹಿಡಿದು ಯಾವ ಕಾಯಿಲ್ ಯಾವ ರಫ್ತು ಸರಕಿಗೆ ಹೋಯಿತು ಎಂಬ ಲೆಕ್ಕದವರೆಗೆ ದಾಖಲೆ ಬೇಕು. ಸಣ್ಣ ಘಟಕಗಳ ಅರ್ಜಿ ಬಿದ್ದುಹೋಗುವುದು ಈ ಕೊನೆಯ ಕೊಂಡಿಯಲ್ಲಿ.

ಕೊನೆಗೆ ನಿಮ್ಮ ಅಹವಾಲು. ಹೇಳಿಕೊಳ್ಳಲು ಜಾಗ ಇದೆ, ಸಮಯ ಮಾತ್ರ ಕಡಿಮೆ. 1997ರ ನಿಯಮಗಳ ಪ್ರಕಾರ ತನಿಖೆಯ ಸರಕನ್ನು ಬಳಸುವ ಉದ್ಯಮಗಳಿಗೂ ಮಾಹಿತಿ ಕೊಡುವ ಅವಕಾಶವನ್ನು ಡಿಜಿಟಿಆರ್ ಕೊಡಲೇಬೇಕು. ತನಿಖೆಯ ನೋಟಿಸ್ ಗೆಜೆಟಿನಲ್ಲಿ ಮತ್ತು ಡಿಜಿಟಿಆರ್ ಜಾಲತಾಣದಲ್ಲಿ ಬರುತ್ತದೆ, ಉತ್ತರಕ್ಕೆ ಸಿಗುವುದು ಕೆಲವೇ ವಾರ. ಪೀಣ್ಯದ ಘಟಕಗಳಿಗೆ ವಿಷಯ ಗೊತ್ತಾಗುವುದು ಸುಂಕ ಬಿದ್ದು, ಡೀಲರ್ ಫೋನ್ ಮಾಡಿದ ಮೇಲೆ. ಅಷ್ಟರಲ್ಲಿ ಕಡತ ಮುಚ್ಚಿರುತ್ತದೆ. ಒಬ್ಬೊಬ್ಬರೇ ಬರೆಯುವುದಕ್ಕಿಂತ ಪೀಣ್ಯ ಕೈಗಾರಿಕಾ ಸಂಘ ಅಥವಾ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ ಮೂಲಕ ಹೋದರೆ ತೂಕ ಹೆಚ್ಚು. ಬರೆಯುವಾಗ ‘ನಾವು ಮುಳುಗುತ್ತೇವೆ’ ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ. ಕಳೆದ ಮೂರು ವರ್ಷ ತಿಂಗಳುವಾರು ಕೊಂಡ ಟನ್, ಕೊಟ್ಟ ದರ, ಒಟ್ಟು ವೆಚ್ಚದಲ್ಲಿ ಉಕ್ಕಿನ ಪಾಲು, ಕೈಬಿಟ್ಟುಹೋದ ಆರ್ಡರ್, ಕೆಲಸಗಾರರ ಸಂಖ್ಯೆ ಇವನ್ನು ಪಟ್ಟಿ ಮಾಡಿ. ದೇಶೀ ಕಾರ್ಖಾನೆ ಕೊಡಲಾಗದ ದಪ್ಪ ಅಥವಾ ದರ್ಜೆ ಇದ್ದರೆ, ಅವರು ‘ಇಲ್ಲ’ ಎಂದು ಬರೆದ ಇಮೇಲ್ ಸಹಿತ ಲಗತ್ತಿಸಿ. ಪಟ್ಟಿಯಿಂದ ಒಂದು ಸರಕನ್ನು ಹೊರಗಿಡಿಸಲು ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ವ್ಯಾಪಾರದ ಗುಟ್ಟು ಇರುವ ಪ್ರತಿ ಒಂದು, ಎಲ್ಲರೂ ನೋಡಬಹುದಾದ ಪ್ರತಿ ಇನ್ನೊಂದು ಎಂದು ಎರಡು ಪ್ರತಿ ಸಲ್ಲಿಸಬೇಕು. ಎರಡನೆಯದನ್ನು ಕೊಡದ ಅರ್ಜಿಯನ್ನು ಬದಿಗೆ ಸರಿಸುವ ಅಧಿಕಾರ ಅವರಿಗಿದೆ.

ಈ ಮಾತು ಬರೀ ದೂರಲ್ಲ. ಇಂಥ ಸುಂಕದ ಪೆಟ್ಟು ಯಾರ ಮೇಲೆಲ್ಲ ಬೀಳುತ್ತದೆ ಎಂಬುದಕ್ಕೆ ಹೊರಗೂ ಒಳಗೂ ಉದಾಹರಣೆ ಇವೆ. ಅಮೆರಿಕ 2018ರಲ್ಲಿ ವಾಷಿಂಗ್ ಮೆಷಿನ್ ಮೇಲೆ ಇಂಥದೇ ಸುಂಕ ಹಾಕಿದಾಗ ಮೆಷಿನ್ ಬೆಲೆ ಸುಮಾರು ಶೇ 12 ಏರಿತು. ಸುಂಕವೇ ಇಲ್ಲದ ಡ್ರೈಯರ್ ಬೆಲೆಯೂ ಜೊತೆಗೆ ಏರಿತು, ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞರು ಹಾಕಿದ ಲೆಕ್ಕದಲ್ಲಿ ಹುಟ್ಟಿದ ಒಂದೊಂದು ಕೆಲಸಕ್ಕೂ ಗ್ರಾಹಕರು ತೆತ್ತದ್ದು ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು. ನಮ್ಮಲ್ಲಿ 2018ರ ಜುಲೈ 30ರಂದು ಸೌರ ಸೆಲ್ ಮತ್ತು ಮಾಡ್ಯೂಲ್ ಮೇಲೆ ಶೇ 25 ಹಾಕಿದಾಗ, ವಿಶೇಷ ಆರ್ಥಿಕ ವಲಯದಲ್ಲಿದ್ದ ಭಾರತೀಯ ತಯಾರಕರೇ ಸಿಕ್ಕಿಕೊಂಡರು. ವಲಯದಿಂದ ದೇಶದೊಳಗೆ ಬರುವ ಸರಕು ಕಾನೂನಿನ ಕಣ್ಣಿಗೆ ಆಮದು. ಎರಡು ವರ್ಷಕ್ಕೆಂದು ಬಂದ ಆ ಸುಂಕ 2020ರ ಜುಲೈನಲ್ಲಿ ಮತ್ತೊಂದು ವರ್ಷ ಮುಂದುವರಿಯಿತು.

ಉಕ್ಕಿನ ಸುಂಕಕ್ಕೂ ವಿಸ್ತರಣೆ ಕೇಳುವುದಾದರೆ ಅರ್ಜಿ 2028ರ ಏಪ್ರಿಲಿಗೆ ಕೆಲವು ತಿಂಗಳ ಮುಂಚೆಯೇ ಹೋಗಬೇಕು. ಆದ್ದರಿಂದ 2027ರ ದೀಪಾವಳಿ ಕಳೆದ ಮೇಲೆ ಡಿಜಿಟಿಆರ್ ಜಾಲತಾಣವನ್ನು ವಾರಕ್ಕೊಮ್ಮೆ ನೋಡುವ ಕೆಲಸವನ್ನು ಸಂಘದಲ್ಲಿ ಒಬ್ಬರಿಗೆ ವಹಿಸಿ, ಶೀಟ್ ಖರೀದಿಯ ಬಿಲ್ಲುಗಳನ್ನು ಈ ತಿಂಗಳಿಂದಲೇ ಬೇರೆ ಫೈಲಿನಲ್ಲಿ ತೆಗೆದಿಡಿ.